ಬಸ್ಸಿನ ದೀಪ ದೊಡ್ಡದಾದ ಸಂಜೆ

“ಸ್ವಿಚ್ಚೋ, ವೈರೋ? ಎರಡರಾಗ ಒಂದು ಹೇಳು, ಮಿಸ್ತ್ರಿ.”

ಸಾವ್ಕಾರರು ನನ್ನನ್ನು ಕೇಳಿದ್ದು ಇಷ್ಟೇ. ಸೊಲ್ಲಾಪುರದ ಪೇಟೆಯಲ್ಲಿ ಅವರದು ಚಾದರ ವ್ಯಾಪಾರ, ಅದರ ಜೊತೆಗೆ ಲಗ್ನಕ್ಕೆ, ದೇವರಿಗೆ ಹೋಗುವವರಿಗೆ ಬಾಡಿಗೆ ಕೊಡುವ ಒಂದು ಬಸ್ಸು. ಆ ಬಸ್ಸಿನೊಳಗೆ ದೀಪ ಕೂಡಿಸಿದವನು ನಾನು. ಅದನ್ನು ಓಡಿಸುವವನು ಹೋಟಗಿಯಿಂದ ದಿನಾ ರೈಲಿನಲ್ಲಿ ಬಂದುಹೋಗುತ್ತಿದ್ದ ಡ್ರೈವರ್. ಸ್ವಿಚ್ಚು ಎಂದು ನಾನು ಹೇಳಿದರೆ ಡ್ರೈವರನ ಅನ್ನ ಹೋಗುತ್ತಿತ್ತು, ವೈರು ಎಂದರೆ ನನ್ನದು. ಮೂರನೆಯ ಉತ್ತರ ಒಂದಿರಬಹುದು ಎಂಬ ಗುಮಾನಿ ಸಾವ್ಕಾರರಿಗೂ ಇರಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ.

ಎಪ್ಪತ್ತರ ದಶಕದ ಒಂದು ಬೇಸಿಗೆ ಅದು, ಲಗ್ನದ ಸುಗ್ಗಿ. ನಾಗಣಸೂರದ ಒಂದು ಕುರುಬರ ಮನೆತನ ಸೊಲ್ಲಾಪುರದಲ್ಲಿ ಮಗನ ಲಗ್ನ ಮುಗಿಸಿಕೊಂಡು ನಮ್ಮ ಸಾವ್ಕಾರರ ಬಸ್ಸಿನಲ್ಲಿ ಊರಿಗೆ ಹೊರಟಿತ್ತು. ಹೊತ್ತು ಮುಳುಗಿದ ಮೇಲೆ ಅಕ್ಕಲಕೋಟೆಯ ಜಕಾತಿ ನಾಕಾದಲ್ಲಿ ಚಹಾಕ್ಕೆಂದು ಬಸ್ಸು ನಿಂತಿತು. ನಿಲ್ಲುವುದಕ್ಕೂ ಒಳಗಿನ ದೀಪಗಳೆಲ್ಲ ಒಮ್ಮೆಲೇ ಹೋಗುವುದಕ್ಕೂ ಸರಿಹೋಯಿತು. ಬಾಗಿಲ ಹತ್ತಿರ ಕೂತಿದ್ದ ಮದುಮಗನ ಅಜ್ಜಿ ಅಷ್ಟರಲ್ಲಿ ಎದ್ದು ಇಳಿಯಲು ಹೋಗಿದ್ದಳು. ಕತ್ತಲಲ್ಲಿ ಬಾಗಿಲ ಪಾವಟಿಗೆ, ಆ ಮೆಟ್ಟಿಲು, ಕಾಣದೆ ಕೆಳಗೆ ಬಿದ್ದು, ಮೊಣಕಾಲ ಕೆಳಗಿನ ಎಲುಬು ಮುರಿಯಿತು. ಮಂದಿ ಗದ್ದಲ ಎಬ್ಬಿಸಿ ಒಳಗೂ ಹೊರಗೂ ನುಗ್ಗಾಡುವಾಗ ದೀಪಗಳು ತಾವಾಗಿಯೇ ಹತ್ತಿಕೊಂಡವು. ಬಾಗಿಲ ಹೊರಗಿನ ಕತ್ತಲಲ್ಲಿ ಬಿದ್ದಿದ್ದ ಮುದುಕಿಯನ್ನು ಡ್ರೈವರನೇ ಎತ್ತಿಕೊಂಡು ಸೀಟಿನ ಮೇಲೆ ಮಲಗಿಸಿ, ಬಸ್ಸು ಹೊಳ್ಳಿಸಿ ಸೊಲ್ಲಾಪುರದ ದವಾಖಾನೆಗೆ ತಂದಿದ್ದ.

ಎಲುಬು ಮುರಿದದ್ದಕ್ಕಿಂತ ಹೆಚ್ಚಾಗಿ ಆ ಮನೆಯವರನ್ನು ಚುಚ್ಚಿದ್ದು ಇನ್ನೊಂದು. ಬಾಸಿಂಗ ಕಟ್ಟಿದ ಮದುಮಗ ಕೂತ ಬಸ್ಸಿನಲ್ಲಿ ದೀಪ ಹೋಗುವುದು ಎಂದರೇನು? ತಾನಾಗಿ ಹೋಯಿತೋ, ಯಾರಾದರೂ ಬೇಕೆಂದೇ ಮಾಡಿದರೋ? ಮನೆಯ ಹಿರಿಯರು ಸಾವ್ಕಾರರಿಗೆ ನೇರ ಹೇಳಿದ್ದರು: ಮಾಡಿದವನು ಯಾರೆಂದು ಹೇಳಿರಿ, ಇಲ್ಲವಾದರೆ ನಾವು ಪೊಲೀಸ್ ಚೌಕಿಗೆ ಹೋಗುತ್ತೇವೆ. ಬರುವ ಸೋಮವಾರ ಅವರು ಪೇಟೆಗೆ ಬರುವವರಿದ್ದರು.

ಡ್ರೈವರನ ಮೇಲೆ ಸಂಶಯ ಸುಮ್ಮನೆ ಬಂದದ್ದಲ್ಲ. ಬಸ್ಸಿನೊಳಗಿನ ದೀಪ ಎಂಬುದು ಅತ್ತೆ ಸೊಸೆಯರ ಜಗಳವಿದ್ದ ಹಾಗೆ. ಕೂತವರಿಗೆ ಬೆಳಕು ಬೇಕು; ಓಡಿಸುವವನಿಗೆ ಅದೇ ಬೆಳಕು ಮುಂದಿನ ಗಾಜಿನಲ್ಲಿ ಬಿದ್ದು ರಸ್ತೆಯ ಬದಲು ಹಿಂದೆ ಕೂತವರ ಮೋರೆ ಕಾಣಿಸುತ್ತದೆ. ಅದಕ್ಕೆ ಊರು ದಾಟಿದ ಕೂಡಲೇ ಒಳಗಿನ ದೀಪ ತೆಗೆಯುವ, ಅಂದರೆ ಬಂದ್ ಮಾಡುವ, ಚಟ ಹೆಚ್ಚಿನ ಡ್ರೈವರುಗಳಿಗೆ ಇತ್ತು, ನಮ್ಮವನಿಗೆ ಸ್ವಲ್ಪ ಜಾಸ್ತಿಯೇ ಇತ್ತು. ಈ ಜಗಳ ಮುರಿಯಲೆಂದೇ ನಾನು ಹೊಸ ವೈರಿಂಗ್ ಮಾಡುವಾಗ ಅವನ ಬೆನ್ನ ಹಿಂದೆ ಒಂದು ಹಲಗೆ ಅಡ್ಡ ಹಾಕಿದ್ದೆ. ಚಾವಣಿಗೆ ಎರಡು ಸಾಲು ಹಾಲುಗಾಜಿನ ದೀಪ, ಹಳೆಯ ನೂಲುಸುತ್ತಿನ ವೈರು ಕಿತ್ತು ಹೊಸ ವೈರು, ಎಲ್ಲಕ್ಕೂ ಒಂದೇ ಸ್ವಿಚ್ಚು. ಆ ಕೆಲಸದ ಮೇಲೆ ನನಗೆ ಭಾರಿ ಅಭಿಮಾನವಿತ್ತು. ಸಾವ್ಕಾರರೇ ನಾಲ್ಕು ಮಂದಿಯ ಮುಂದೆ, “ನಮ್ಮ ಬಸ್ಸಿನ್ಯಾಗ ಕೂತ್ರ ಮಂಟಪದಾಗ ಕೂತಂಗ ಆಗ್ತದ” ಎಂದು ಹೇಳಿಕೊಂಡಿದ್ದರು.

ಮುದುಕಿ ಬಿದ್ದ ಮರುದಿನ ಸಾವ್ಕಾರರೂ ನಾನೂ ದವಾಖಾನೆಗೆ ಹೋದೆವು. ಡ್ರೈವರನೂ ಬಂದಿದ್ದ, ಆದರೆ ಮದುಮಗನ ಕಾಕಾ ಅವನನ್ನು ಬಾಗಿಲಲ್ಲೇ ತಡೆದು, “ನಮ್ಮ ಮುದುಕಿಗಿ ಮಾರಿ ತೋರಸಬ್ಯಾಡ” ಎಂದುಬಿಟ್ಟ. ಅವನು ಹೊರಗೆ ಬೇವಿನ ಗಿಡದ ಕೆಳಗೆ ಹೋಗಿ ನಿಂತ.

ಮುದುಕಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ನಾನು ಬಗ್ಗಿ, “ಆಯಿ, ಆ ಹೊತ್ತಿನ್ಯಾಗ ಏನಾತು, ನಿಮಗ ನೆನಪೈತೇನು?” ಎಂದು ಕೇಳಿದೆ.

“ಐತೇಳಪಾ. ನಾಕಾ ಹತ್ರ ಬರೂದ್ರಾಗ ದೀಪ ದೊಡ್ಡದಾದ್ವು. ನಾ ಎದ್ದೆ. ಆಮ್ಯಾಲ ನಂಗ ಪಾವಟಗಿ ಕಾಣ್ಲಿಲ್ಲ, ಬಿದ್ದೆ.”

ಸಾವ್ಕಾರರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ನಮ್ಮ ಮನೆಗಳಲ್ಲಿ ದೀಪ ಆರಿತು ಎಂಬ ಮಾತನ್ನು ಯಾರೂ ಬಾಯಲ್ಲಿ ತರುವುದಿಲ್ಲ. ಬಳೆ ಒಡೆದರೆ ಹೆಚ್ಚಿತು ಎನ್ನುವ ಹಾಗೆ, ದೀಪ ಹೋದರೆ ದೊಡ್ಡದಾಯಿತು ಎನ್ನುತ್ತೇವೆ. ನನ್ನ ಅವ್ವ ದಿನಾ ಮಲಗುವ ಮುಂದೆ “ದೀಪ ದೊಡ್ಡದು ಮಾಡೋ” ಎಂದು ಕೂಗಿದರೆ ನಾನು ಎದ್ದು ಊದಿ ಆರಿಸುತ್ತಿದ್ದೆ. ಸಾವ್ಕಾರರ ಮನೆಯಲ್ಲೂ ಅದೇ ಮಾತು. ಅದರ ಮೇಲೆ ಇದು ಲಗ್ನದ ಹೊತ್ತು ಬೇರೆ. ಮುದುಕಿ ಶುಭ ನೋಡಿಯೇ ಆಡಿದಳು ಎಂದುಕೊಂಡೆವು. ಅಂದರೆ, ನಾಕಾ ಹತ್ತಿರ ಬರುತ್ತಿದ್ದಂತೆ ದೀಪ ಹೋದವು, ಇವಳು ಎದ್ದಳು, ಕತ್ತಲಲ್ಲಿ ಬಿದ್ದಳು. ಅದರಲ್ಲಿ ಕೇಳುವುದು ಇನ್ನೇನೂ ಇರಲಿಲ್ಲ. ಇಬ್ಬರೂ ಹೊರಗೆ ಬಂದೆವು.

ಅವತ್ತೇ ಬಸ್ಸನ್ನು ನನ್ನ ಶೆಡ್ಡಿಗೆ ತರಿಸಿದೆ. ಸ್ವಿಚ್ಚು ಬಿಚ್ಚಿ ಅದರ ತಾಮ್ರದ ನಾಲಗೆ ನೋಡಿದೆ, ಸುಟ್ಟಿರಲಿಲ್ಲ. ಫ್ಯೂಜು ನಾನು ಕಟ್ಟಿದ ತಂತಿಯೇ ಇತ್ತು. ಬಲ್ಬಿಗೆ ಎರಡು ವೈರು ಬಿಗಿದ ಟೆಸ್ಟ್ ಲ್ಯಾಂಪು ಹಿಡಿದುಕೊಂಡು ಫ್ಯೂಜಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಚಾವಣಿಗೆ, ಒಂದೊಂದು ಜೋಡಣೆಯನ್ನೂ ಎಳೆದು, ಜಗ್ಗಿ, ಮಣಿಸಿ ನೋಡಿದೆ. ಎಂಜಿನ್ ಚಾಲು ಮಾಡಿಸಿ, ದೀಪ ಹತ್ತಿಸಿ, ಮಧ್ಯಾಹ್ನವೆಲ್ಲ ಒಳಗೆ ಕೂತೆ. ಮುಷ್ಟಿಯಿಂದ ಚಾವಣಿ ಗುದ್ದಿದೆ. ದೀಪಗಳು ನನ್ನನ್ನು ಅಣಕಿಸುವ ಹಾಗೆ ಸುಮ್ಮನೆ ಉರಿಯುತ್ತಿದ್ದವು.

ಸಂಜೆಗೆ ಹಿಂದಿನ ಸಾಲಿನ ಒಂದು ದೀಪದ ತಿರುಪು ಸಡಿಲಾದದ್ದು ಕೈಗೆ ಸಿಕ್ಕಿತು. ಸಿಕ್ಕಿತು ಎಂಬ ಸಂತೋಷಕ್ಕಿಂತ ನನ್ನ ಕೈಕೆಲಸವೇ ಮೋಸ ಮಾಡಿತೇ ಎಂಬ ಹೆದರಿಕೆ ದೊಡ್ಡದಿತ್ತು. ಆದರೆ ಆ ತಿರುಪು ಸಡಿಲಾದರೆ ಹೋಗುವುದು ಅದೊಂದೇ ದೀಪ. ಇಲ್ಲಿ ಎಲ್ಲವೂ ಒಟ್ಟಿಗೆ ಹೋಗಿ ಒಟ್ಟಿಗೆ ಬಂದಿದ್ದವು. ಒಟ್ಟಿಗೆ ಹೋಗಬೇಕಾದರೆ ಒಂದೇ ದಾರಿ, ಸ್ವಿಚ್ಚು. ಬೆರಳು ಇದ್ದದ್ದು ಡ್ರೈವರನದು.

ಅವನು ಶೆಡ್ಡಿನ ಬಾಗಿಲಲ್ಲಿ ಹಳೆಯ ಟೈರಿನ ಮೇಲೆ ಕೂತಿದ್ದ. ಸಾವ್ಕಾರರು ಗಾಡಿಯ ಕೀಲಿ ಕಸಿದುಕೊಂಡಿದ್ದರೂ ಅವನು ಎಂದಿನ ಹಾಗೆ ಬೆಳಗಿನ ರೈಲಿಗೆ ಬರುತ್ತಿದ್ದ, ಎಂದಿನ ರೈಲಿಗೆ ಹೋಗುತ್ತಿದ್ದ. ಮನೆಯಲ್ಲಿ ಈ ಸುದ್ದಿ ಹೇಳಿರಲಿಲ್ಲ ಎಂಬುದು ನನಗೆ ಅದರಿಂದಲೇ ತಿಳಿಯಿತು. ನನಗಿಂತ ಹಿರಿಯ. ನಾನು ಅವನನ್ನು ಮಾಮಾ ಎಂದೇ ಕರೆಯುತ್ತಿದ್ದೆ.

“ಮಾಮಾ, ಖರೇ ಹೇಳು. ನಾಕಾದಾಗ ನೀ ಏನೇನು ಬಂದ್ ಮಾಡಿದಿ?”

“ಹೆಡ್‌ಲೈಟ್ ಬಂದ್ ಮಾಡ್ದೆ. ನಿಂತಲ್ಲೆಲ್ಲಾ ಮಾಡ್ತೀನಿ, ಬ್ಯಾಟ್ರಿ ಉಳೀಲಿ ಅಂತ. ಒಳಗಿನ ಸ್ವಿಚ್ ಮುಟ್ಟಿಲ್ಲ.”

“ದಾರ್ಯಾಗ?”

“ದಾರ್ಯಾಗೂ ಮುಟ್ಟಿಲ್ಲ. ಮದುಮಗ ಕೂತಾನ ಅಂತ ಬಿಟ್ಟೆ. ಸುಳ್ಳ್ಯಾಕ ಹೇಳ್ಲಿ, ಅವತ್ತ ಗಾಜಿನ್ಯಾಗ ಬೆಳಕ ಭಾಳ ಹೊಡಿತಿತ್ತು. ನೀ ಹಲಗಿ ಹಾಕಿದ ಮ್ಯಾಲ ಅಷ್ಟು ಎಂದೂ ಹೊಡದಿಲ್ಲ. ಕಣ್ಣು ಕಿಸಿದು ಓಡಿಸೀನಿ, ಆದ್ರ ಮುಟ್ಟಿಲ್ಲ.”

ಇದೇ ಮಾತನ್ನು ಅವನು ಸಾವ್ಕಾರರ ಮುಂದೆಯೂ ಹೇಳಿದ್ದ, ಅದೇ ಅವನ ಕುತ್ತಿಗೆಗೆ ಬಂದಿತ್ತು. “ನೋಡು, ಅವನ ಬಾಯಿಂದಲೇ ಬಂತು,” ಎಂದರು ಸಾವ್ಕಾರರು ನನಗೆ. “ಕಣ್ಣಿಗಿ ಹೊಡೀತು, ತೆಗದ. ಮುದುಕಿ ಬೀಳೂದು ನೋಡಿ ಮತ್ತ ಹಾಕ್ಯಾನ. ನಿನ್ನ ವೈರು ಛಲೋ ಅದ ಅಂತ ಒಂದ್ ಚೀಟಿ ಬರಕೊಡು. ಸೋಮವಾರ ಅವರ ಕೈಯಾಗ ಇಡ್ತೀನಿ. ಮುಂದ ಪೊಲೀಸರು, ಅವನ ಲೈಸನ್ಸು, ಅದು ನಮಗ ಸಂಬಂಧ ಇಲ್ಲ.”

ವೈರು ಚೆನ್ನಾಗಿದೆ ಎಂದು ಬರೆಯುವುದರಲ್ಲಿ ಸುಳ್ಳಿರಲಿಲ್ಲ. ಬರೆದರೆ ನಾನು ಪಾರು. ಆದರೆ ಅಡ್ಡ ಹಾಕಿದ ಹಲಗೆಯ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಹಲಗೆ ಅಲ್ಲಾಡಿರಲಿಲ್ಲ. ದೀಪ ಅವೇ, ಗಾಜು ಅದೇ. ಹಾಗಿದ್ದರೆ ಅವತ್ತೊಂದೇ ದಿನ ಬೆಳಕು ಅಷ್ಟು ಯಾಕೆ ಹೊಡೆಯಬೇಕು? ಸುಳ್ಳು ಹೇಳುವವನು ತನ್ನ ಕೊರಳಿಗೆ ತಾನೇ ಹಗ್ಗ ಹೊಸೆಯುವುದಿಲ್ಲ. ಸಾವ್ಕಾರರಿಗೆ, “ಚೀಟಿ ಬರಿಯೂದಿಲ್ರಿ. ಬಸ್ಸ ರಸ್ತಾಕ್ಕ ಒಯ್ದು ನೋಡಬೇಕು, ಅದಕೂ ಮೊದ್ಲ ಮುದುಕಿನ್ನ ಇನ್ನೊಮ್ಮಿ ಕೇಳಬೇಕು” ಎಂದೆ.

“ಕೇಳಿದ್ವಲ್ಲೋ ಇಬ್ಬರೂ.”

“ಇಬ್ಬರೂ ಕೇಳಿದ್ವಿ. ನಾ ಒಬ್ಬನ ಕೇಳಿ ಬರ್ತೀನ್ರಿ.”

ಅವರ ಮೋರೆ ಗಂಟಾಯಿತು. ಬಸ್ಸು ಕೊಡುವುದಿಲ್ಲ ಎಂದರು. ಚೀಟಿ ಬರೆಯದಿದ್ದರೆ ವೈರಿನದೇ ತಪ್ಪು ಎಂದು ತಾವೇ ಹೇಳುವುದಾಗಿಯೂ ಹೇಳಿದರು. ಬಡವನ ಸಿಟ್ಟು ದವಡೆಗೆ ಮೂಲ ಎಂದುಕೊಂಡು ನಾನು ತಲೆ ತಗ್ಗಿಸಿ ಹೊರಬಿದ್ದೆ. ಪೇಟೆಯಲ್ಲಿ ಅವರ ಒಂದು ಮಾತಿಗೆ ಇದ್ದ ತೂಕ ನನಗೆ ಗೊತ್ತಿತ್ತು.

ರವಿವಾರ ಸರ್ವೀಸ್ ಬಸ್ಸು ಹಿಡಿದು ಅಕ್ಕಲಕೋಟೆ, ಅಲ್ಲಿಂದ ನಾಗಣಸೂರ. ದವಾಖಾನೆಯವರು ಮುದುಕಿಯನ್ನು ಮನೆಗೆ ಕಳಿಸಿದ್ದರು. ಗಂಡಸರು ಕುರಿ ಹಿಂದೆ, ಹೊಲದ ಕಡೆ ಹೋಗಿದ್ದದ್ದು ನನ್ನ ಪುಣ್ಯ. ಮಣ್ಣಿನ ಮಾಳಿಗೆಯ ಮನೆ. ಒಳಕೋಣೆಗೆ ಕಿಟಕಿ ಇಲ್ಲ. ಹೊರಗೆ ಬಿಸಿಲು ಉರಿಯುತ್ತಿದ್ದರೂ ಒಳಗೆ ಕಂದೀಲು ಬೇಕಾಗಿತ್ತು. ಸೊಸೆ ಕಂದೀಲು ಹಚ್ಚಿ ತಂದು ಗೂಟಕ್ಕೆ ತೂಗುಹಾಕಿ, ನನಗೆ ಕುಡಿಯಲು ನೀರು ಕೊಟ್ಟಳು. ಮೂಲೆಯ ಮಾಡದಲ್ಲಿ ಬೀರಪ್ಪನಿಗೆ ಹಚ್ಚಿದ ಭಂಡಾರದ ಅರಿಸಿನ ಆ ಮಬ್ಬು ಬೆಳಕಿನಲ್ಲೂ ಹಳದಿಯಾಗಿ ಕಾಣುತ್ತಿತ್ತು.

ಮುದುಕಿ ನನ್ನನ್ನು ಗುರುತು ಹಿಡಿದಳು. “ದವಾಖಾನ್ಯಾಗ ಬಂದಿದ್ದಾಂವ ಅಲ್ಲೇನು? ಕೂಡು ತಮ್ಮಾ.” ಕಾಲಿನ ಕತೆ, ಡಾಕ್ಟರನ ಕತೆ, ಲಗ್ನದಲ್ಲಿ ಬೀಗರು ಹೋಳಿಗೆಗೆ ಬೆಲ್ಲ ಕಡಿಮೆ ಹಾಕಿದ ಕತೆ ಎಲ್ಲ ಹೇಳಿದಳು. ನಾನು ಅದೇ ಪ್ರಶ್ನೆ ಕೇಳಿದೆ, ಅವಳು ಅದೇ ಉತ್ತರ ಕೊಟ್ಟಳು. ದೀಪ ದೊಡ್ಡದಾದ್ವು, ನಾ ಎದ್ದೆ, ಪಾವಟಗಿ ಕಾಣ್ಲಿಲ್ಲ. ಇಷ್ಟು ದೂರ ಬಂದದ್ದು ದಂಡವಾಯಿತು ಎಂದುಕೊಂಡೆ. ಹೊತ್ತು ಹೋಗುತ್ತಿತ್ತು, ನಾಳೆ ಸೋಮವಾರ.

ಏಳುವ ಹೊತ್ತಿಗೆ ಸೊಸೆಗೆ, “ತಂಗಿ, ಕಂದೀಲು ದೊಡ್ಡದ ಮಾಡವಾ, ಸುಮ್ಮ ಎಣ್ಣಿ ಯಾಕ ಸುಡ್ತಿ? ನಾ ಹೊಂಟೆ” ಎಂದೆ.

ಅವಳು ಕಂದೀಲಿಗೆ ಕೈಹಾಕಿ ತಿರುಪು ತಿರುವಿ ಬತ್ತಿ ಮೇಲಕ್ಕೆ ಏರಿಸಿದಳು.

ಕೋಣೆಯೆಲ್ಲ ಬೆಳಕಾಯಿತು. ನಾನು ಕಂದೀಲು ನೋಡಿದೆ, ಅವಳನ್ನು ನೋಡಿದೆ. ಅವಳು ನನ್ನ ಮೋರೆ ನೋಡಿ, “ಇನ್ನೂ ದೊಡ್ಡದ ಮಾಡ್ಲ್ಯಾ ಅಣ್ಣಾ? ಮಸಿ ಹಿಡೀತೈತಿ” ಎಂದಳು.

“ಅಲ್ಲವಾ, ಇದನ್ನ ತೆಗೀಬೇಕಂದ್ರ ನಿಮ್ಮನ್ಯಾಗ ಏನಂತೀರಿ?”

“ಶಾಂತ ಮಾಡಂತೀವಿ.”

ನಾನು ಮತ್ತೆ ಮುದುಕಿಯ ಪಕ್ಕ ಕುಕ್ಕರಿಸಿದೆ. “ಆಯಿ, ಬಸ್ಸಿನ ದೀಪ ದೊಡ್ಡದಾದ್ವು ಅಂದ್ರಿ. ಅಂದ್ರ ಹ್ಯಾಂಗ ಆದ್ವು?”

“ದೊಡ್ಡದ ಅಂದ್ರ ದೊಡ್ಡದ. ಮೊದ್ಲ ಹಳದಿ ಇದ್ವು, ಆಮ್ಯಾಲ ಬೆಳ್ಳಗ ಆದ್ವು, ಹಗಲಾದಂಗ. ಮೊಮ್ಮಗನ ಬಾಸಿಂಗದಾಗಿನ ಮಣಿ ಎಣಸಬೌದಿತ್ತು. ಊರ ಬಂತು ಅಂತ ದೀಪ ದೊಡ್ಡದ ಮಾಡ್ಯಾರ, ಇಳೀಬೇಕು ಅಂತ ನಾ ಎದ್ದೆ. ಬಸ್ ನಿಂತು. ಶಾಂತ ಆದ್ವು. ಬಿದ್ದೆ.”

ಎತ್ತು ಈದಿದೆ ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ, ಹಾಗಾಗಿತ್ತು ನಮ್ಮ ಶಾಣ್ಯಾತನ. ಮುದುಕಿ ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು. ನಾನೂ ಸಾವ್ಕಾರರೂ ಅದನ್ನು ನಮ್ಮ ನಮ್ಮ ಅವ್ವಂದಿರ ಮಾತಿಗೆ ಹೊಳ್ಳಿಸಿಕೊಂಡಿದ್ದೆವು. ನಮ್ಮ ಜಾಗದಲ್ಲಿ ಕನ್ನಡ ಅರೆಬರೆ ಬರುವ ಯಾವನಾದರೂ ಮರಾಠಿ ಮಿಸ್ತ್ರಿ ಇದ್ದಿದ್ದರೆ ಅವತ್ತೇ ಸರಿಯಾಗಿ ತಿಳಿದುಕೊಳ್ಳುತ್ತಿದ್ದ.

ದಾರಿಯುದ್ದಕ್ಕೂ ಲೆಕ್ಕ ತಾನಾಗಿ ಬಿಚ್ಚಿಕೊಂಡಿತು. ಆಗಿನ ಬಸ್ಸುಗಳಲ್ಲಿ ಎಂಜಿನ್ ಜೋರಾಗಿ ತಿರುಗುವಾಗ ದೀಪಕ್ಕೆ ಕರೆಂಟು ಕೊಡುತ್ತಿದ್ದದ್ದು ಡೈನಮೊ. ನಿಧಾನವಾದಾಗ, ನಿಂತಾಗ ಬ್ಯಾಟರಿ. ಅಷ್ಟೇ ಅಲ್ಲ, ಡೈನಮೊ ಹೆಚ್ಚು ಕೊಟ್ಟರೆ ಅದನ್ನು ಕುಡಿದು ಹದದಲ್ಲಿ ಇಡುವುದೂ ಬ್ಯಾಟರಿಯೇ. ಓಡುವಾಗ ಬ್ಯಾಟರಿಯ ಸಂಬಂಧ ಕಡಿದುಹೋದರೆ ದೀಪ ಆರುವುದಿಲ್ಲ, ಬೆಳ್ಳಗೆ ಉಬ್ಬುತ್ತದೆ. ಬಸ್ಸು ನಿಧಾನವಾದ ಗಳಿಗೆಗೆ ಡೈನಮೊ ಕೈಬಿಡುತ್ತದೆ, ಬ್ಯಾಟರಿ ಇಲ್ಲ, ಎಲ್ಲ ಕತ್ತಲು. ಡೀಸೆಲ್ ಎಂಜಿನ್ನಿಗೆ ಕರೆಂಟಿನ ಹಂಗಿಲ್ಲ, ಅದು ನಡೆಯುತ್ತಲೇ ಇರುತ್ತದೆ. ಹೆಡ್‌ಲೈಟೂ ಹೋಗಿರಲೇಬೇಕು, ಆದರೆ ಡ್ರೈವರ್ ಅದನ್ನು ತಾನೇ ಬಂದ್ ಮಾಡಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಅವನ ಗಾಜಿನಲ್ಲಿ ಬೆಳಕು ಹೊಡೆದದ್ದೂ ಅದಕ್ಕೇ. ನಾನು ಆರುವುದಕ್ಕೆ ಕಾರಣ ಹುಡುಕುತ್ತ ಚಾವಣಿ ಗುದ್ದಿದ್ದೆ, ಹುಡುಕಬೇಕಾದದ್ದು ಉಬ್ಬುವುದಕ್ಕೆ.

ಸೊಲ್ಲಾಪುರದಲ್ಲಿ ಇಳಿದವನೇ ಶೆಡ್ಡಿಗೆ ಓಡಿದೆ. ಡ್ರೈವರ್ ಟೈರಿನ ಮೇಲೆ ಕೂತೇ ಇದ್ದ. ರವಿವಾರವೂ ಬಂದಿದ್ದ.

“ಮಾಮಾ, ಈಚೀಚೆ ಸೆಲ್ಫ್ ಸ್ಟಾರ್ಟರ್ ಹ್ಯಾಂಗ ಹೊಡೀತೈತಿ?”

“ಎಲ್ಲಿ ಹೊಡೀತೈತಿ? ನೂಕೇ ಚಾಲೂ ಮಾಡೂದು. ಸಾವ್ಕಾರ ಬ್ಯಾಟ್ರಿ ಮುದಿ ಆಗೈತಿ ಅಂತಾರ.”

“ಯಾವಾಗಿಂದ?”

ಅವನು ಕಣ್ಣು ಮೇಲೆ ಮಾಡಿ ಯೋಚಿಸಿದ. “ಪೇಂಟ್ ಆಗಿ ಬಂದಾಗಿಂದ.”

ಇಬ್ಬರೂ ಬಸ್ಸಿನ ಕೆಳಗೆ ತೂರಿದೆವು. ಬ್ಯಾಟರಿಯ ಮೇಲಿನ ಎರಡೂ ಹಿಡಿಕೆ ಬಿಗಿಯಾಗಿ, ಗ್ರೀಸು ಹಚ್ಚಿಕೊಂಡು, ತೊಳೆದ ಮುತ್ತಿನಂತೆ ಇದ್ದವು. ಮೊದಲ ದಿನ ನಾನು ಅವನ್ನು ಅಷ್ಟಕ್ಕೇ ನೋಡಿ ಬಿಟ್ಟಿದ್ದೆ. ಬ್ಯಾಟರಿಯಿಂದ ಗಾಡಿಯ ಚಾಸಿಗೆ, ಅಂದರೆ ತಳದ ಕಬ್ಬಿಣದ ಚೌಕಟ್ಟಿಗೆ, ಹೋಗುವ ಅರ್ಥಿಂಗ್ ಪಟ್ಟಿಯನ್ನು ಕೈಯಲ್ಲಿ ಹಿಡಿದು ಅದರ ಕೊನೆಯವರೆಗೂ ಹೋದೆ. ಬೋಲ್ಟಿನ ಕೆಳಗೆ ಹೊಳೆಯುವ ಹಸಿರು ಪೇಂಟು. ಲಗ್ನದ ಸುಗ್ಗಿ ಬಂತು ಎಂದು ಸಾವ್ಕಾರರು ಅವಸರ ಮಾಡಿ ಬಸ್ಸಿಗೆ ಬಣ್ಣ ಹೊಡೆಸಿದ್ದರು. ಬಣ್ಣದವನು ಪಟ್ಟಿ ಬಿಚ್ಚಿ, ಚಾಸಿಗೂ ಎರಡು ಕೈ ಹೊಡೆದು, ಅದರ ಮೇಲೆಯೇ ಪಟ್ಟಿ ಕೂಡಿಸಿ ಬೋಲ್ಟು ಬಿಗಿದಿದ್ದ. ಬೋಲ್ಟಿನ ಎಳೆಗಳಷ್ಟೇ ಅಲ್ಲಲ್ಲಿ ಕಬ್ಬಿಣಕ್ಕೆ ತಾಗಿ ಕರೆಂಟು ದಾಟುತ್ತಿತ್ತು. ಗುಂಡಿಯ ಕುಲುಕಿಗೆ ಅದು ಬಿಟ್ಟಿತ್ತು, ಮಂದಿ ನುಗ್ಗಾಡಿದ ಕುಲುಕಿಗೆ ಮತ್ತೆ ಹಿಡಿದಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಡ್ರೈವರ್ ಜೇಬಿನಿಂದ ಚಾಕು ತೆಗೆದು ಪೇಂಟು ಕೆರೆಯಲು ಹೋದ. ನಾನು ಅವನ ಕೈ ಹಿಡಿದೆ. ಕೆರೆದರೆ ಗಾಡಿ ಸರಿಹೋಗುತ್ತದೆ, ಆದರೆ ಅವನ ಮೇಲಿನ ಮಾತು ಹಾಗೆಯೇ ಉಳಿಯುತ್ತದೆ. ಇಬ್ಬರು ಕೂಡಿ ಕತೆ ಕಟ್ಟಿದರು ಎಂದರೆ ಏನು ತೋರಿಸುವುದು? ಹೀಗೇ ಇರಲಿ, ಸಾವ್ಕಾರರು ತಮ್ಮ ಕಣ್ಣಿಂದ ನೋಡಲಿ ಎಂದೆ. ಅವನು ಆ ಹಸಿರು ಕಲೆಯನ್ನು ಬೆರಳಿನಿಂದ ಮುಟ್ಟಿದ. “ಅವರು ನೋಡೂ ಹೊತ್ತಿನ್ಯಾಗ ದೀಪ ಹೋಗದಿದ್ರ?” ಎಂದ. ಅದೇ ನನ್ನ ಹೆದರಿಕೆಯೂ ಆಗಿತ್ತು. ಇಂಥ ರೋಗ ವೈದ್ಯನ ಮುಂದೆ ಅಡಗಿಕೊಳ್ಳುತ್ತದೆ.

ಸಾವ್ಕಾರರನ್ನು ಒಪ್ಪಿಸಲು ನಾನು ಕಾಲು ಹಿಡಿಯುವುದೊಂದು ಬಾಕಿ. ಕಡೆಗೆ, “ಹೋಟಗಿತನಾ ಹೋಗಿ ಬರೂಣು. ಏನೂ ಆಗದಿದ್ರ ನಾ ಚೀಟಿ ಬರಕೊಡ್ತೀನಿ, ನಿಮ್ಮ ಮನಸಿಗಿ ಬಂದಂಗ” ಎಂದೆ. ಆ ಮಾತಿಗೆ ಬಂದರು. ಹೊತ್ತು ಇಳಿಯುವ ಹೊತ್ತಿಗೆ ಬಸ್ಸು ನೂಕಿ ಚಾಲು ಮಾಡಿ ಹೊರಟೆವು. ಸಾವ್ಕಾರರನ್ನು ಮುದುಕಿ ಕೂತಿದ್ದ ಸೀಟಿನಲ್ಲೇ ಕೂಡಿಸಿದೆ. ಒಳಗಿನ ದೀಪ ಹಾಕಿ, ನಾನು ಸ್ವಿಚ್ಚಿನ ಪಕ್ಕ ನಿಂತುಕೊಂಡೆ. ಡ್ರೈವರನ ಎರಡೂ ಕೈ ಸ್ಟೇರಿಂಗಿನ ಮೇಲೆ ಕಾಣುವ ಹಾಗೆ ಇರಲಿ ಎಂದು ಹೇಳಿದ್ದೆ.

ಹೋಗುವಾಗ ಏನೂ ಆಗಲಿಲ್ಲ. ಗುಂಡಿ ಬಂದವು, ಬಸ್ಸು ಎದ್ದೆದ್ದು ಬಿತ್ತು, ದೀಪ ಹಳದಿಯಾಗಿ ಹಾಗೇ ಇದ್ದವು. ಹೋಟಗಿ ಬಂತು, ಹೊಳ್ಳಿಸಿದೆವು. ಡ್ರೈವರನ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ತನ್ನದೇ ಊರಿನಲ್ಲಿ ಬಸ್ಸು ಹೊಳ್ಳಿಸುವಾಗ ಅವನು ಆ ಕಡೆ ನೋಡಲಿಲ್ಲ. ಸಾವ್ಕಾರರು, “ಮುಗೀತಲ್ಲ ನಿನ್ನ ನಾಟಕ?” ಎಂದರು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಬಸ್ಸು ರಸ್ತೆಯ ಒಂದು ಕೆಟ್ಟ ಉಬ್ಬು ದಾಟಿತು, ಸಾವ್ಕಾರರ ಮೋರೆ ನಿಧಾನವಾಗಿ ಬೆಳ್ಳಗಾಯಿತು.

ಮೇಲಿನ ಹಾಲುಗಾಜುಗಳು ಉಬ್ಬಿದವು. ಅವರ ಟೊಪ್ಪಿಗೆಯ ಹೊಲಿಗೆ, ಕಿವಿಯ ಮೇಲಿನ ಕೂದಲು ಎಲ್ಲ ಎಣಿಸುವಂತಾಯಿತು. ಅವರು ತಲೆ ಎತ್ತಿ ದೀಪ ನೋಡಿದರು. “ಇದೇನಿದು?”

“ದೊಡ್ಡದಾದ್ವು,” ಎಂದೆ.

ಮುಂದೆ ರೈಲ್ವೆ ಗೇಟು ಮುಚ್ಚಿತ್ತು. ಡ್ರೈವರ್ ಬ್ರೇಕು ಒತ್ತಿದ, ಬಸ್ಸು ನಿಧಾನವಾಗುತ್ತ ಬಂತು, ಒಳಗಿನ ದೀಪ, ಹೊರಗಿನ ದೀಪ ಎಲ್ಲ ಒಮ್ಮೆಲೇ ಹೋದವು. ಎಂಜಿನ್ ಮಾತ್ರ ಗುರ್ ಎನ್ನುತ್ತಿತ್ತು. ಸಾವ್ಕಾರರು ಗಾಬರಿಯಾಗಿ ಬಾಗಿಲ ಕಡೆ ಎದ್ದದ್ದು ಸಪ್ಪಳದಿಂದ ತಿಳಿಯಿತು. ನಾನು ಕೂಗುವ ಮೊದಲೇ ಡ್ರೈವರ್ ಹ್ಯಾಂಡ್‌ಬ್ರೇಕ್ ಎಳೆದು, ತನ್ನ ಬಾಗಿಲಿಂದ ಧುಮುಕಿ, ಸುತ್ತು ಹಾಕಿ ಆ ಕಡೆ ಬಂದಿದ್ದ.

“ಸಾವ್ಕಾರ, ಕೈ ಕೊಡ್ರಿ. ಪಾವಟಗಿ ಐತಿ ಅಲ್ಲಿ.”

ಅವರು ಕೈ ಕೊಟ್ಟು ಇಳಿದರು. ಕೆಳಗೆ ನಿಂತ ಮೇಲೂ ಸ್ವಲ್ಪ ಹೊತ್ತು ಆ ಕೈ ಬಿಡಲಿಲ್ಲ. ನಾನು ಪಟ್ಟಿ ಬಿಚ್ಚಿ, ಜೊತೆಗೆ ತಂದಿದ್ದ ಟಾರ್ಚಿನ ಬೆಳಕಿನಲ್ಲಿ ಅವರಿಗೆ ಹಸಿರು ಪೇಂಟು ತೋರಿಸಿ, ಅಲ್ಲಿಯೇ ಚಾಕುವಿನಿಂದ ಕಬ್ಬಿಣ ಬೆಳ್ಳಗಾಗುವ ತನಕ ಕೆರೆದು ಮತ್ತೆ ಬಿಗಿದೆ. ದೀಪ ಬಂದವು. ರೈಲು ಹೋಯಿತು. ಸಾವ್ಕಾರರು ಡ್ರೈವರನಿಗೆ, “ನಾಳಿ ಮುಂಜಾನೆ ಲಗೂ ಬಾ. ಕೀಲಿ ನಿನ್ನ ಹತ್ರಾನೇ ಇರ್ಲಿ” ಎಂದರು.

“ಬರ್ತೀನ್ರಿ. ಆದ್ರ ಮೊದ್ಲ ನಾಗಣಸೂರಿಗಿ ಹೋಗೂಣು. ದೀಪ ಆರ್ಸಿದಾಂವ ನಾ ಅಲ್ಲ ಅಂತ ನೀವ ಹೇಳಬೇಕು.”

ಅಷ್ಟು ನೇರ ಮಾತನ್ನು ಅವರ ಎದುರು ಯಾರೂ ಆಡಿರಲಿಲ್ಲ. ಅವರು ಬಸ್ಸು ಹತ್ತಿದರು.

ಸೋಮವಾರ ಆ ಮನೆಯ ಹಿರಿಯರು ಪೇಟೆಗೆ ಹೊರಡುವ ಮೊದಲೇ ನಾವು ಅವರ ಬಾಗಿಲಿಗೆ ಮುಟ್ಟಿದ್ದೆವು. ಒಳಕೋಣೆಯಲ್ಲಿ ಕಾಕಾ, ಮದುಮಗ, ಸೊಸೆ ಎಲ್ಲ ಸುತ್ತ ನಿಂತಿದ್ದರು; ಕಂದೀಲು ಮಿಣಿಮಿಣಿ ಅನ್ನುತ್ತಿತ್ತು. ಸಾವ್ಕಾರರು ಕೈಮುಗಿದು, “ಆಯಿ, ಅವತ್ತ ದೀಪ ದೊಡ್ಡದು...” ಎಂದು ಶುರುಮಾಡಿ ನಿಂತುಬಿಟ್ಟರು. ಆ ಮನೆಯಲ್ಲಿ ಆ ಮಾತಿಗೆ ಬೇರೆ ಅರ್ಥ ಎಂದು ದಾರಿಯಲ್ಲಿ ಹೇಳಿದ್ದೆ. ಆರಿತು ಎಂಬ ಮಾತು ಅವರ ಬಾಯಿಂದ ಬರಲೊಲ್ಲದು. ಜನ್ಮದಲ್ಲಿ ಆಡಿರದ ಮಾತು, ಅದೂ ಮದುಮಗನ ಮುಂದೆ. ಬೆವರು ಒರೆಸಿಕೊಂಡು ಕಡೆಗೆ ಹೇಳಿದರು: “ದೀಪ ಆರಿಸಿದಾಂವ ಇವ ಅಲ್ಲ. ತಪ್ಪು ನಂದು. ಬಣ್ಣ ಹೊಡಸೂದ್ರಾಗ ಅವಸರ ಮಾಡ್ದೆ.”

ಕಾಕಾ ನೆಲ ನೋಡಿದ. ಡ್ರೈವರ್ ಬಾಗಿಲ ಹೊರಗೇ ನಿಂತಿದ್ದ, ಒಳಗೆ ಬಾ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮುದುಕಿ ಕತ್ತು ಹೊರಳಿಸಿದಳು. “ಕತ್ತಲಾಗ ನನ್ನ ಎತ್ತಿಕೊಂಡಾಂವ ಇವನ ಅಲ್ಲೇನು? ಅವ್ವಾ ಅವ್ವಾ ಅಂತ ದವಾಖಾನಿತನಾ ಅಳಕೋತ ಗಾಡಿ ಹೊಡದ. ನೋವಿನ್ಯಾಗ ಮಾರಿ ಕಂಡಿಲ್ಲ ನಾ. ಒಳಗ ಬಾ ಯಪ್ಪಾ.” ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಅವಳ ಹಾಸಿಗೆಯ ಪಕ್ಕ ಕೂತ.

“ಸ್ವಸಿ,” ಎಂದಳು ಮುದುಕಿ, “ಕಂದೀಲು ದೊಡ್ಡದ ಮಾಡು. ಇವನ ಮಾರಿ ನೋಡ್ತೀನಿ.”

ಸೊಸೆ ಬತ್ತಿ ಏರಿಸಿದಳು.